ಮದರ್‌ಬೋರ್ಡ್ ಅರಿತು ಜೋಡಿಸುವುದು: ಕಾಸರಗೋಡಿನ ಜಗಲಿಯಿಂದ ಒಂದು ಮಾರ್ಗದರ್ಶಿ

ತುಲಾಮಾಸದ ಮಳೆ ನಮ್ಮ ಕಾಸರಗೋಡಿನ ಕಡೆ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಬರುತ್ತದೆ. ಬರುವಾಗ ಸಿಡಿಲನ್ನೂ ಜೊತೆಗೆ ಕರೆತರುತ್ತದೆ. ಕಳೆದ ವರ್ಷ ಅಂಥದೊಂದು ಸಂಜೆಯ ಮರುದಿನ ಬದಿಯಡ್ಕದ ನಮ್ಮ ಮನೆಯ ಜಗಲಿಗೆ ಮೂರು ಕಂಪ್ಯೂಟರುಗಳು ಬಂದವು. ಮೂರಕ್ಕೂ ಒಂದೇ ದೂರು: ಒಳಗಿನ ಎಲ್ಲ ಭಾಗಗಳನ್ನೂ ಕೂಡಿಸುವ ದೊಡ್ಡ ಹಲಗೆ, ಅಂದರೆ ಮದರ್‌ಬೋರ್ಡ್ ಹೋಗಿದೆ. ತೆರೆದು ನೋಡಿದರೆ ಒಂದರ ಬೋರ್ಡ್ ನಿಜವಾಗಿಯೂ ಸತ್ತಿತ್ತು. ಇಂಟರ್ನೆಟ್ ಕೇಬಲ್ಲಿನ ದಾರಿಯಾಗಿ ಬಂದ ಸಿಡಿಲಿನ ಹೊಡೆತಕ್ಕೆ ಆ ಕೇಬಲ್ ಸಿಕ್ಕಿಸುವ ಕಿಂಡಿಯ ಹಿಂದಿನ ಚಿಪ್ ಒಡೆದು ಸುತ್ತಲೂ ಮಸಿ ಹಿಡಿದಿತ್ತು. ಎರಡನೆಯದರಲ್ಲಿ ಹೋದದ್ದು ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಇಳಿಸಿ ಕೊಡುವ ಡಬ್ಬಿ, ಎಸ್‌ಎಂಪಿಎಸ್ ಮಾತ್ರ. ಮೂರನೆಯದನ್ನು ಸಿಡಿಲು ಮುಟ್ಟಿರಲೇ ಇಲ್ಲ. ಮಳೆಗಾಲದ ತೇವದಿಂದ, ಕೆಲಸದ ಹೊತ್ತಿನ ನೆನಪಾದ ರ‍್ಯಾಮ್ ಕಡ್ಡಿಯ ಹೊಂಬಣ್ಣದ ಪಟ್ಟಿಗಳ ಮೇಲೆ ಕೊಳೆ ಕೂತಿತ್ತು. ಬರಹ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದೊಡನೆ ಅದು ಎದ್ದಿತು. ಅದರ ಒಡೆಯರು ಹೊಸ ಬೋರ್ಡಿಗೆ ಮುಂಗಡ ಕೊಡುವ ಯೋಚನೆಯಲ್ಲಿದ್ದರು.

ಆದ್ದರಿಂದ ಜೋಡಿಸುವ ಕ್ರಮಕ್ಕಿಂತ ಮೊದಲು, ಬೋರ್ಡ್ ಹೋಗಿದೆಯೇ ಎಂದು ನೋಡುವ ಕ್ರಮ.

ಹೋಗಿದೆ ಎನ್ನುವ ಮೊದಲು

ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಇದರಿಂದ ಹರಿದುಹೋಗುತ್ತದೆ. ಬದಿಯ ಮುಚ್ಚಳ ತೆಗೆದು ಟಾರ್ಚ್ ಹಿಡಿದು ನಿಧಾನವಾಗಿ ನೋಡಿ, ಮೂಸಿಯೂ ನೋಡಿ. ಸುಟ್ಟ ವಾಸನೆ ಬಹಳ ದಿನ ಉಳಿಯುತ್ತದೆ. ಹಳೆಯ ಬೋರ್ಡುಗಳಲ್ಲಿ ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಅಲ್ಲಿಂದ ಕಂದು ರಸ ಒಸರಿದೆಯೇ ಗಮನಿಸಿ.

ನಂತರ ಎಸ್‌ಎಂಪಿಎಸ್. ಅದರ ಎಲ್ಲ ತಂತಿಗಳನ್ನೂ ಬೋರ್ಡಿನಿಂದ ಮತ್ತು ಡ್ರೈವುಗಳಿಂದ ಬಿಡಿಸಿ. 24 ಪಿನ್ನಿನ ದೊಡ್ಡ ಕನೆಕ್ಟರಿನಲ್ಲಿ ಹಸಿರು ತಂತಿ ಒಂದೇ ಒಂದು ಇರುತ್ತದೆ. ಅದನ್ನೂ ಪಕ್ಕದ ಕಪ್ಪು ತಂತಿಯನ್ನೂ ಬಾಗಿಸಿದ ಪೇಪರ್ ಕ್ಲಿಪ್ಪಿನಿಂದ ಸೇರಿಸಿ, ಕ್ಲಿಪ್ಪಿನಿಂದ ಕೈ ತೆಗೆದ ಮೇಲೆ ಕರೆಂಟು ಕೊಡಿ. ಫ್ಯಾನ್ ತಿರುಗಿದರೆ ಎಸ್‌ಎಂಪಿಎಸ್‌ನಲ್ಲಿ ಜೀವವಿದೆ. ಪೂರ್ಣ ಆರೋಗ್ಯ ಇದರಿಂದ ಗೊತ್ತಾಗುವುದಿಲ್ಲ. ಸಾಧ್ಯವಿದ್ದರೆ ಬೇರೆ ಒಂದನ್ನು ಎರವಲು ತಂದು ಹಾಕಿ ನೋಡಿ.

ರ‍್ಯಾಮ್ ಒಂದಕ್ಕಿಂತ ಹೆಚ್ಚಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಿ. ದಿನಾಂಕ ಪ್ರತಿ ಸಲವೂ ಹಿಂದಕ್ಕೆ ಹೋಗುತ್ತಿದ್ದರೆ ತಪ್ಪು ನಾಣ್ಯದಂಥ ಸೆಲ್ಲಿನದು. ಅದು ಸಿಆರ್2032, 3 ವೋಲ್ಟ್, ಗಡಿಯಾರದ ಅಂಗಡಿಯಲ್ಲಿಯೂ ಸಿಗುತ್ತದೆ. ಇಷ್ಟೆಲ್ಲ ಆದ ಮೇಲೂ ಏಳದಿದ್ದರೆ ಮಾತ್ರ ಬೋರ್ಡಿನ ಮೇಲೆ ಸಂಶಯಪಡಿ.

ಬೋರ್ಡಿನ ಮೇಲೆ ಏನೇನಿದೆ

ಬೋರ್ಡನ್ನು ಮೊದಲ ಸಲ ನೋಡುವವರಿಗೆ ಅದೊಂದು ಅಪರಿಚಿತ ಪೇಟೆ. ಆದರೆ ಪ್ರತಿ ಕಿಂಡಿಯ ಪಕ್ಕದಲ್ಲೂ ಸಣ್ಣ ಬಿಳಿ ಅಕ್ಷರದಲ್ಲಿ ಹೆಸರು ಅಚ್ಚಾಗಿರುತ್ತದೆ. ಅದನ್ನು ಓದುವ ತಾಳ್ಮೆ ಇದ್ದರೆ ದಾರಿ ತಪ್ಪುವುದಿಲ್ಲ.

ಮೇಲ್ಭಾಗದ ನಡುವಿನಲ್ಲಿರುವ ಚೌಕವೇ ಸಾಕೆಟ್, ಲೆಕ್ಕವೆಲ್ಲ ಮಾಡುವ ಮುಖ್ಯ ಚಿಪ್ಪಾದ ಪ್ರೊಸೆಸರಿನ ಪೀಠ. ಅದರ ಸುತ್ತ ಲೋಹದ ತಂಪುಗಟ್ಟಿಗಳ ಅಡಿಯಲ್ಲಿ ವಿಆರ್‌ಎಂ ಎಂಬ ಭಾಗವಿದೆ. ರಸ್ತೆಬದಿಯ ಟ್ರಾನ್ಸ್‌ಫಾರ್ಮರ್ 11,000 ವೋಲ್ಟನ್ನು ಇಳಿಸಿ ಮನೆಗೆ 230 ಕೊಡುತ್ತದಲ್ಲ, ಹಾಗೆಯೇ ಇದು ಎಸ್‌ಎಂಪಿಎಸ್‌ನ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸಿ ಕೊಡುತ್ತದೆ. ಅಗ್ಗದ ಬೋರ್ಡಿನಲ್ಲಿ ಮೊದಲು ಕಡಿತವಾಗುವುದು ಇಲ್ಲಿಯೇ. ಆ ಲೋಹದ ಗಟ್ಟಿಯೂ ಇಲ್ಲದ ಬೋರ್ಡಿನ ಮೇಲೆ ಹೆಚ್ಚು ವಿದ್ಯುತ್ ಎಳೆಯುವ ಪ್ರೊಸೆಸರ್ ಕೂರಿಸಿದರೆ, ನಮ್ಮ ಏಪ್ರಿಲ್ ತಿಂಗಳ ಸೆಕೆಯಲ್ಲಿ ಅದು ಕಾದು ಪ್ರೊಸೆಸರಿನ ವೇಗವನ್ನು ತಾನಾಗಿ ತಗ್ಗಿಸುತ್ತದೆ.

ಸಾಕೆಟ್ಟಿನ ಬಲಕ್ಕೆ ರ‍್ಯಾಮಿನ ಉದ್ದ ಕಿಂಡಿಗಳು. ಕೆಳಗೆ ಅಡ್ಡಲಾಗಿ ಪಿಸಿಐ ಎಕ್ಸ್‌ಪ್ರೆಸ್ ಕಿಂಡಿಗಳು. ಪ್ರೊಸೆಸರಿಗೆ ಹತ್ತಿರವಿರುವ ಉದ್ದದ ಕಿಂಡಿ ಸಾಮಾನ್ಯವಾಗಿ ನೇರ ಪ್ರೊಸೆಸರಿನ ಜೊತೆ ಮಾತಾಡುತ್ತದೆ, ಗ್ರಾಫಿಕ್ಸ್ ಕಾರ್ಡಿನ ಜಾಗ ಅದು. ಬಲಗಡೆಯ ಕೆಳ ಮೂಲೆಯ ಹತ್ತಿರ ಚಿಪ್‌ಸೆಟ್. ಯುಎಸ್‌ಬಿ, ಡ್ರೈವುಗಳ ಸಾಟಾ, ಉಳಿದ ಕಿಂಡಿಗಳ ಹೆಚ್ಚಿನ ವ್ಯವಹಾರವೆಲ್ಲ ಅದರ ಮೂಲಕ. ಎಂ.2 ಎಂದು ಬರೆದ ಚಪ್ಪಟೆ ಕಿಂಡಿ, ಕಡತಗಳನ್ನು ಉಳಿಸಿಡುವ ಇಂದಿನ ಎಸ್‌ಎಸ್‌ಡಿಗಳಿಗೆ. 2280 ಎಂಬ ಸಂಖ್ಯೆ ಕಂಡರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ ಎಂದರ್ಥ.

ಕೊಳ್ಳುವಾಗ ಹೊಂದಿಸಬೇಕಾದದ್ದು

ಮಂಗಳೂರಿಗೆ ಹೋಗಿ ಬರುವುದೆಂದರೆ ನಮಗೆ ಒಂದು ದಿನದ ಕೆಲಸ. ತಪ್ಪು ಬೋರ್ಡ್ ತಂದರೆ ಇನ್ನೊಂದು ದಿನ. ಹಾಗಾಗಿ ಚೀಟಿಯಲ್ಲಿ ಮೂರು ವಿಷಯ ಬರೆದುಕೊಂಡೇ ಹೊರಡಿ: ಪ್ರೊಸೆಸರ್ ಯಾವುದು, ಅದರ ಸಾಕೆಟ್ ಯಾವುದು, ರ‍್ಯಾಮ್ ಯಾವ ಬಗೆಯದು. ಈ ಮೂರೂ ಒಂದಕ್ಕೊಂದು ಒಪ್ಪಬೇಕು.

ಇಂಟೆಲ್‌ನ 12, 13, 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳಿಗೆ ಎಲ್‌ಜಿಎ 1700 ಸಾಕೆಟ್. ಇದರಲ್ಲಿ ಡಿಡಿಆರ್4 ಬಗೆಯ ರ‍್ಯಾಮಿನ ಬೋರ್ಡುಗಳೂ ಇವೆ, ಡಿಡಿಆರ್5 ಬೋರ್ಡುಗಳೂ ಇವೆ. ಒಂದರ ರ‍್ಯಾಮ್ ಇನ್ನೊಂದರಲ್ಲಿ ಕೂರುವುದಿಲ್ಲ. ಎರಡಕ್ಕೂ 288 ಪಿನ್ನುಗಳೇ ಆದರೂ ನಡುವಿನ ಕಚ್ಚು ಬೇರೆ ಕಡೆ ಇದೆ. 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಸಾಲಿಗೆ ಎಲ್‌ಜಿಎ 1851. ಎಎಂಡಿ ಕಂಪನಿಯ ಪ್ರೊಸೆಸರುಗಳಲ್ಲಿ ರೈಜನ್ 5000 ಸಾಲಿನವರೆಗೆ ಎಎಂ4 ಸಾಕೆಟ್, ಅದಕ್ಕೆ ಡಿಡಿಆರ್4. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ಮಾತ್ರ. ಹಳೆಯ ಬಿ450 ಚಿಪ್‌ಸೆಟ್ಟಿನ ಬೋರ್ಡಿನ ಮೇಲೆ ರೈಜನ್ 5000 ಪ್ರೊಸೆಸರ್ ಹಾಕುವುದಾದರೆ ಬಯಾಸ್, ಅಂದರೆ ಬೋರ್ಡನ್ನು ಎಬ್ಬಿಸುವ ಅದರೊಳಗಿನ ತಂತ್ರಾಂಶ, ಹೊಸದಾಗಿರಬೇಕು. ಕೊಳ್ಳುವ ಮೊದಲೇ ತಯಾರಕರ ಜಾಲತಾಣದಲ್ಲಿ ಆ ಬೋರ್ಡ್ ಬೆಂಬಲಿಸುವ ಪ್ರೊಸೆಸರುಗಳ ಪಟ್ಟಿ ನೋಡಿ.

ಗಾತ್ರದ ಮಾತು ಸುಲಭ. ಎಟಿಎಕ್ಸ್ 30.5 x 24.4 ಸೆಂಟಿಮೀಟರ್, ಮೈಕ್ರೋ ಎಟಿಎಕ್ಸ್ 24.4 ಸೆಂಟಿಮೀಟರಿನ ಚೌಕ, ಮಿನಿ ಐಟಿಎಕ್ಸ್ 17 ಸೆಂಟಿಮೀಟರಿನ ಚೌಕ. ಮನೆಗೆ ಮೈಕ್ರೋ ಎಟಿಎಕ್ಸ್ ಧಾರಾಳವಾಗಿ ಸಾಕು. ಆದರೆ ಕಚೇರಿಗಳಿಂದ ಹೊರಬಿದ್ದ ಬ್ರಾಂಡೆಡ್ ಡೆಸ್ಕ್‌ಟಾಪುಗಳನ್ನು ಕೊಂಡವರು ಎಚ್ಚರದಿಂದಿರಬೇಕು. ಅವುಗಳಲ್ಲಿ ಅನೇಕವಕ್ಕೆ ಬೋರ್ಡಿನ ಆಕಾರವೂ ಪವರ್ ಕನೆಕ್ಟರೂ ಆಯಾ ಕಂಪನಿಯದೇ. ಪೇಟೆಯ ಬೋರ್ಡ್ ಅದರಲ್ಲಿ ಕೂರುವುದಿಲ್ಲ.

ಹತ್ತು ವರ್ಷ ಹಳೆಯ ಪ್ರೊಸೆಸರಿಗೆ ಹೊಂದುವ ಬೋರ್ಡ್ ಈಗಲೂ ಅಲ್ಲಲ್ಲಿ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕೆ ಹಣ ಹಾಕಬಾರದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವುದು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ, ಇಂಟೆಲ್ ಆದರೆ ಎಂಟನೆಯ ಪೀಳಿಗೆಯಿಂದ ಈಚಿನ ಪ್ರೊಸೆಸರ್. ಹಳೆಯ ಯಂತ್ರ ಇನ್ನೂ ನಡೆಯುತ್ತಿದ್ದರೆ, ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವ ವಿಂಡೋಸ್ ಬದಲಿಗೆ ನಡೆಯುವ, ಉಬುಂಟು ಆಧಾರಿತ ಕೈಟ್ ವ್ಯವಸ್ಥೆಯನ್ನು ಹಾಕಿ. ಕನ್ನಡ ಟೈಪಿಂಗಿಗೂ ಪಾಠಕ್ಕೂ ಅದು ಚೆನ್ನಾಗಿ ಒದಗುತ್ತದೆ.

ಸಿಡಿಲಿಗೆ ಬಲಿಯಾದ ಆ ಕಂಪ್ಯೂಟರ್ ನನ್ನ ಸೋದರ ಸೊಸೆಯದು, ಪ್ಲಸ್ ಟು ಓದುವ ಹುಡುಗಿ. ಅವಳಿಗೆ 12ನೆಯ ಪೀಳಿಗೆಯ ಇಂಟೆಲ್ ಪ್ರೊಸೆಸರ್, ಎಚ್610 ಚಿಪ್‌ಸೆಟ್ಟಿನ ಮೈಕ್ರೋ ಎಟಿಎಕ್ಸ್ ಬೋರ್ಡ್, ಡಿಡಿಆರ್4 ರ‍್ಯಾಮ್ ತರಿಸಿದೆವು. ಜೋಡಿಸಿದ್ದು ಅವಳೇ. ನಾನು ಟಾರ್ಚ್ ಹಿಡಿದು ಪಕ್ಕದಲ್ಲಿ ಕುಳಿತಿದ್ದೆ.

ಕೆಲಸಕ್ಕೆ ಕೂರುವ ಮೊದಲು

ಒಂದು ಮರದ ಮೇಜು, ಎರಡನೆಯ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್, ಟಾರ್ಚ್, ಸ್ಕ್ರೂ ಹಾಕಿಡಲು ಒಂದು ಅಡಿಕೆ ಹಾಳೆಯ ತಟ್ಟೆ. ಇಷ್ಟು ಸಾಕು. ಬಿಸಿಲಿರುವ ಬೆಳಗ್ಗೆ ಕೂರಿ. ಮೋಡ ಕಟ್ಟಿದ ಸಂಜೆ, ಯಾರೋ ಕಾಯುತ್ತಿದ್ದಾರೆ ಎಂಬ ಅವಸರದಲ್ಲಿ, ಈ ಕೆಲಸ ಬೇಡ. ಕೂರಿಸುವಾಗ ಹಾಳಾದ ಬೋರ್ಡುಗಳಲ್ಲಿ ನಾನು ಕಂಡವೆಲ್ಲ ಅವಸರಕ್ಕೆ ಹಾಳಾದವು.

ಸ್ಥಾಯಿ ವಿದ್ಯುತ್ತಿನ ಬಗ್ಗೆ ಬಹಳ ಹೆದರಿಸುವವರಿದ್ದಾರೆ. ಒಣ ಹವೆಯ ಊರುಗಳಲ್ಲಿ ಅದು ದೊಡ್ಡ ಅಪಾಯ. ನಮ್ಮ ಕರಾವಳಿಯ ತೇವದ ಗಾಳಿಯಲ್ಲಿ ಕಡಿಮೆ; ಹಾಗೆಂದು ಇಲ್ಲವೇ ಇಲ್ಲ ಎನ್ನುವಂತಿಲ್ಲ. ಪಾಲಿಸ್ಟರ್ ಬಟ್ಟೆ ಉಟ್ಟು, ಹಾಸಿಗೆಯ ಮೇಲೆ ಕುಳಿತು ಮಾಡಬೇಡಿ. ಬೋರ್ಡ್ ಮುಟ್ಟುವ ಮೊದಲು ಪ್ರತಿ ಸಲವೂ ಕ್ಯಾಬಿನೆಟ್ಟಿನ ಬಣ್ಣ ಬಳಿಯದ ಲೋಹವನ್ನು ಮುಟ್ಟಿ. ಬೋರ್ಡನ್ನು ಅಂಚಿನಲ್ಲಿ ಹಿಡಿಯಿರಿ. ಬೆವರಿದ ಬೆರಳು ಹೊಂಬಣ್ಣದ ಪಟ್ಟಿಗಳಿಗೆ ತಾಗಬಾರದು, ಉಪ್ಪು ಅಲ್ಲಿಯೇ ಕೂತು ಹಸಿರು ಹಿಡಿಯುತ್ತದೆ.

ಹಳೆಯ ಬೋರ್ಡ್ ಬಿಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ತಂತಿ ಹಿಡಿದು ಎಳೆಯಬೇಡಿ, ಕನೆಕ್ಟರಿನ ಕೊಂಡಿ ಒತ್ತಿ ಹಿಡಿದು ಎಳೆಯಿರಿ.

ಪ್ರೊಸೆಸರ್

ಹೊಸ ಬೋರ್ಡನ್ನು ಅದರ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಡಿ. ಎಲ್‌ಜಿಎ ಸಾಕೆಟ್ಟಿನಲ್ಲಿ ಪಿನ್ನುಗಳು ಬೋರ್ಡಿನ ಮೇಲಿರುತ್ತವೆ, ಕೂದಲಿನಷ್ಟು ಸೂಕ್ಷ್ಮ. ಬೆರಳಿನ ತುದಿಯೋ ಬಟ್ಟೆಯ ಎಳೆಯೋ ಒಮ್ಮೆ ತಾಗಿದರೆ ಬಾಗುತ್ತವೆ. ಬಾಗಿದ ಪಿನ್ನಿಗೆ ವಾರಂಟಿ ಸಿಗುವುದು ಕಷ್ಟ.

ಸನ್ನೆಕೋಲನ್ನು ಒತ್ತಿ ಬದಿಗೆ ಸರಿಸಿ ಮೇಲೆತ್ತಿ, ಲೋಹದ ಚೌಕಟ್ಟು ತೆರೆಯಿರಿ. ಪ್ರೊಸೆಸರಿನ ಒಂದು ಮೂಲೆಯಲ್ಲಿ ಸಣ್ಣ ಹೊಂಬಣ್ಣದ ತ್ರಿಕೋನವಿದೆ, ಸಾಕೆಟ್ಟಿನಲ್ಲೂ ಅದೇ ಗುರುತಿದೆ. ಎರಡನ್ನೂ ಹೊಂದಿಸಿ, ಬದಿಗಳ ಕಚ್ಚುಗಳು ಸರಿಯಾಗಿವೆಯೇ ನೋಡಿ, ನೇರವಾಗಿ ಕೆಳಗಿಳಿಸಿ ಬಿಟ್ಟುಬಿಡಿ. ಒತ್ತುವುದು, ಜಾರಿಸುವುದು ಏನೂ ಬೇಡ. ಚೌಕಟ್ಟು ಮುಚ್ಚಿ ಸನ್ನೆಕೋಲು ಕೆಳಗೆ ತನ್ನಿ. ಕಪ್ಪು ಪ್ಲಾಸ್ಟಿಕ್ ಮುಚ್ಚಳ ತಾನಾಗಿ ಮೇಲೆ ಹಾರುತ್ತದೆ.

ಇಲ್ಲಿ ನನ್ನ ಸೊಸೆ ಕೈ ತಡೆದಳು. "ಮಾವ, ಕಿರ್ ಎನ್ನುತ್ತಿದೆ, ಮುರಿಯುತ್ತದೆಯೋ ಏನೋ" ಎಂದಳು. ಪ್ರೊಸೆಸರ್ ಸರಿಯಾಗಿ ಕೂತಿದ್ದರೆ ಆ ಸದ್ದು ಸಹಜ. ಸಾವಿರದೇಳುನೂರು ಪಿನ್ನುಗಳನ್ನು ಒಟ್ಟಿಗೆ ಅದುಮಬೇಕಾದ ಕೋಲು ಅದು, ಸ್ವಲ್ಪ ಬಲ ಬೇಕೇ ಬೇಕು. ಇಡೀ ಜೋಡಣೆಯಲ್ಲಿ ಬಲ ಹಾಕಬೇಕಾದ ಜಾಗಗಳು ಮುಖ್ಯವಾಗಿ ಮೂರು: ಈ ಸನ್ನೆಕೋಲು, ರ‍್ಯಾಮ್, 24 ಪಿನ್ನಿನ ಕನೆಕ್ಟರ್. ಪ್ರೊಸೆಸರನ್ನು ತಣ್ಣಗಿಡುವ ಕೂಲರಿನ ಗೂಟಗಳನ್ನು ಬಿಟ್ಟು ಬೇರೆಲ್ಲಾದರೂ ಹೆಚ್ಚು ಬಲ ಬೇಕೆನಿಸಿದರೆ ನಿಲ್ಲಿಸಿ, ತಪ್ಪು ಎಲ್ಲಿದೆ ನೋಡಿ.

ಎಎಂ4ರಲ್ಲಿ ಪಿನ್ನುಗಳು ಪ್ರೊಸೆಸರಿನ ಅಡಿಯಲ್ಲಿವೆ. ಕೋಲನ್ನು ಪೂರ್ತಿ ಎತ್ತಿ, ತ್ರಿಕೋನ ಹೊಂದಿಸಿ ಇಟ್ಟರೆ ತಾನೇ ಇಳಿಯುತ್ತದೆ. ಹಳೆಯ ಎಎಂ4 ಯಂತ್ರದ ಕೂಲರ್ ತೆಗೆಯುವಾಗ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ, ಆರಿಸಿ ಪ್ಲಗ್ ಕಿತ್ತು, ಬೆಚ್ಚಗಿರುವಾಗಲೇ ಕೂಲರನ್ನು ಎಡಬಲ ತಿರುಚಿ ಬಿಡಿಸಿ. ತಣ್ಣಗಿರುವಾಗ ನೇರ ಎಳೆದರೆ ಬಿಸಿ ದಾಟಿಸಲು ನಡುವೆ ಬಳಿದು ಗಟ್ಟಿಯಾದ ಪೇಸ್ಟಿಗೆ ಅಂಟಿದ ಪ್ರೊಸೆಸರೂ ಕಿತ್ತುಕೊಂಡು ಬರುತ್ತದೆ.

ಸಾಕೆಟ್ಟಿನ ಆ ಕಪ್ಪು ಮುಚ್ಚಳವನ್ನು ಎಸೆಯಬೇಡಿ. ವಾರಂಟಿಗೆ ಬೋರ್ಡ್ ಕಳಿಸುವ ದಿನ ಬಂದರೆ ಪಿನ್ನುಗಳ ರಕ್ಷಣೆಗೆ ಅದು ಬೇಕು.

ರ‍್ಯಾಮ್, ಎಸ್‌ಎಸ್‌ಡಿ, ಕೂಲರ್

ನಾಲ್ಕು ಕಿಂಡಿಗಳಿದ್ದು ರ‍್ಯಾಮ್ ಎರಡೇ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದು. ಕೈಪಿಡಿಯಲ್ಲಿ ಒಮ್ಮೆ ಖಚಿತಪಡಿಸಿಕೊಳ್ಳಿ. ಕಚ್ಚು ಹೊಂದಿಸಿ ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಟಕ್ ಎನ್ನುವವರೆಗೆ ಒತ್ತಿ. ಅರ್ಧ ಕೂತ ರ‍್ಯಾಮೇ "ಸತ್ತ" ಹೊಸ ಬೋರ್ಡುಗಳ ಸಾಮಾನ್ಯ ಕಾರಣ.

ಎಂ.2 ಎಸ್‌ಎಸ್‌ಡಿಯನ್ನು ಓರೆಯಾಗಿ ಒಳಗೆ ತಳ್ಳಿ, ಕೆಳಗೆ ಒತ್ತಿ ಸ್ಕ್ರೂ ಹಾಕಿ. ಸ್ಕ್ರೂ ಎಳ್ಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಜಗಲಿಯ ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ಮೇಲೆ ತಂಪುಗಟ್ಟಿ ಇದ್ದರೆ ಅದರ ಅಡಿಯ ಪ್ಲಾಸ್ಟಿಕ್ ಪೊರೆ ಸುಲಿಯಲು ಮರೆಯಬೇಡಿ. ಎಂ.2 ಕಿಂಡಿಗೆ ಹೊಂದಿದ್ದರೂ ಎಸ್‌ಎಸ್‌ಡಿ ಎನ್‌ವಿಎಂಇಯೋ ಸಾಟಾವೋ ಎಂಬ ಭೇದವಿದೆ; ಕಿಂಡಿ ಯಾವುದನ್ನು ಒಪ್ಪುತ್ತದೆ ಎಂದು ಕೈಪಿಡಿ ಹೇಳುತ್ತದೆ.

ಕೂಲರಿನ ಅಡಿಯಲ್ಲಿ ಬೂದು ಪೇಸ್ಟ್ ಮೊದಲೇ ಬಳಿದಿದ್ದರೆ ಇನ್ನೂ ಹಾಕಬೇಡಿ. ಇಲ್ಲದಿದ್ದರೆ ಪ್ರೊಸೆಸರಿನ ನಡುವೆ ತೊಗರಿ ಕಾಳಿನಷ್ಟು ಸಾಕು. ಇಂಟೆಲ್ ಪೆಟ್ಟಿಗೆಯಲ್ಲಿ ಬರುವ ಕೂಲರಿಗೆ ನಾಲ್ಕು ಒತ್ತುಗೂಟಗಳಿವೆ. ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಒತ್ತಿ, ಬೋರ್ಡನ್ನು ಎತ್ತಿ ಹಿಂಬದಿಯಲ್ಲಿ ನಾಲ್ಕೂ ಗೂಟಗಳು ಹೊರಬಂದಿವೆಯೇ ನೋಡಿ. ಒಂದು ಸಡಿಲವಾಗಿದ್ದರೂ ಪ್ರೊಸೆಸರ್ ಬಿಸಿಯಾಗುತ್ತದೆ. ಫ್ಯಾನಿನ ತಂತಿ ಸಿಪಿಯು ಫ್ಯಾನ್ ಎಂದು ಬರೆದ ಪಿನ್ನಿಗೆ.

ಕ್ಯಾಬಿನೆಟ್ಟಿನ ಹೊರಗೆ ಒಮ್ಮೆ

ಈ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನಾನು ಎಂದೂ ಬಿಡುವುದಿಲ್ಲ. ಬೋರ್ಡ್ ರಟ್ಟಿನ ಮೇಲಿರುವಾಗಲೇ ಎಸ್‌ಎಂಪಿಎಸ್‌ನ 24 ಪಿನ್ನನ್ನೂ ಪ್ರೊಸೆಸರಿನ 8 ಪಿನ್ನನ್ನೂ ಸಿಕ್ಕಿಸಿ, ಮಾನಿಟರ್ ಜೋಡಿಸಿ. ಬೋರ್ಡ್ ಬಂದ ಬೆಳ್ಳಿ ಬಣ್ಣದ ಚೀಲದ ಮೇಲೆ ಮಾತ್ರ ಇಡಬೇಡಿ, ಅದರ ಹೊರಮೈಯಲ್ಲಿ ವಿದ್ಯುತ್ ಹರಿಯಬಹುದು. ಮುಂಭಾಗದ ಗುಂಡಿಗಳ ಪಿನ್ನುಗಳಲ್ಲಿ ಪವರ್ ಸ್ವಿಚ್ಚಿನ ಎರಡನ್ನು ಕೈಪಿಡಿ ನೋಡಿ ಗುರುತಿಸಿ, ಸ್ಕ್ರೂಡ್ರೈವರ್ ತುದಿಯಿಂದ ಅವೆರಡನ್ನು ಮಾತ್ರ ಒಂದು ಕ್ಷಣ ತಾಗಿಸಿ.

ತೆರೆಯ ಮೇಲೆ ಚಿತ್ರ ಬಂದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಸರಿ ಇವೆ. ಮುಂದೆ ತೊಂದರೆ ಬಂದರೆ ಅದು ಕ್ಯಾಬಿನೆಟ್ಟಿನಲ್ಲಿ ಕೂರಿಸಿದ್ದರಿಂದ ಎಂದು ತಿಳಿಯಬಹುದು. ಚಿತ್ರ ಬರದಿದ್ದರೆ ಬೋರ್ಡಿನ ಅಂಚಿನ ಸಣ್ಣ ದೀಪಗಳನ್ನು ನೋಡಿ. ಅನೇಕ ಬೋರ್ಡುಗಳಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ (ಗ್ರಾಫಿಕ್ಸ್), ಬೂಟ್ (ಎಬ್ಬಿಸುವ ಡ್ರೈವ್) ಎಂದು ನಾಲ್ಕಿರುತ್ತವೆ. ಯಾವುದು ಆರದೆ ಉಳಿಯಿತೋ ತೊಂದರೆ ಅಲ್ಲಿ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರಿಗೂ ಎಎಂ4ರಲ್ಲಿ ಹೆಸರಿಗೆ ಜಿ ಇಲ್ಲದ ರೈಜನ್‌ಗೂ ಸ್ವಂತ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇಕು. ಡಿಡಿಆರ್5 ಬೋರ್ಡುಗಳು, ಅದರಲ್ಲೂ ಎಎಂ5, ಮೊದಲ ಸಲ ರ‍್ಯಾಮನ್ನು ಪರಿಚಯಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಕಪ್ಪು ತೆರೆ ಕಂಡು ಗಾಬರಿಯಾಗಿ ಆರಿಸಬೇಡಿ, ಕಾಯಿರಿ.

ಕ್ಯಾಬಿನೆಟ್ಟಿನೊಳಗೆ

ಹಿಂಬದಿಯ ಕಿಂಡಿಗಳಿಗಾಗಿ ತೂತುಗಳಿರುವ ಲೋಹದ ತಗಡನ್ನು ಮೊದಲು ಒಳಗಿನಿಂದ ಒತ್ತಿ ಕೂರಿಸಿ. ಕ್ಯಾಬಿನೆಟ್ಟಿನ ಗೋಡೆಯಲ್ಲಿ ಹಿತ್ತಾಳೆಯ ಗಿಡ್ಡ ಕಂಬಗಳಿರುತ್ತವೆ, ಬೋರ್ಡ್ ಲೋಹಕ್ಕೆ ತಾಗದಂತೆ ಎತ್ತಿ ಹಿಡಿಯುವುದು ಅವೇ. ಬೋರ್ಡಿನ ತೂತುಗಳನ್ನು ಎಣಿಸಿ, ಅಷ್ಟೇ ಕಂಬಗಳು, ಅದೇ ಜಾಗಗಳಲ್ಲಿ ಇರಬೇಕು. ತೂತಿಲ್ಲದ ಕಡೆ ಒಂದು ಕಂಬ ಉಳಿದುಬಿಟ್ಟರೆ ಅದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಎಲ್ಲ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಹಾಕಿ, ಆಮೇಲೆ ಒಂದೊಂದಾಗಿ ಬಿಗಿ ಮಾಡಿ. ತಿರುಗದೆ ನಿಂತಲ್ಲಿ ಸಾಕು.

ತಂತಿಗಳಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಪ್ರೊಸೆಸರಿನ 8 ಪಿನ್ 4 ಮತ್ತು 4 ಆಗಿ ಬಿಡಿಯಾಗುತ್ತದೆ, ಗ್ರಾಫಿಕ್ಸ್ ಕಾರ್ಡಿನದು 6 ಮತ್ತು 2. ಎರಡೂ ಬೇರೆ ಬೇರೆ. ಬಲವಂತದಿಂದ ತುರುಕಿದರೆ ಬೋರ್ಡ್ ಸುಡಬಹುದು. ಮುಂಭಾಗದ ಯುಎಸ್‌ಬಿ 3ರ 19 ಪಿನ್ನಿನ ಕನೆಕ್ಟರ್ ಬಹಳ ನಾಜೂಕು, ಓರೆಯಾದರೆ ಪಿನ್ ಬಾಗುತ್ತದೆ. ಸ್ವಿಚ್ಚುಗಳ ತಂತಿಗೆ ಪ್ಲಸ್ ಮೈನಸ್ ಇಲ್ಲ, ದೀಪಗಳ ತಂತಿಗೆ ಇದೆ. ದೀಪ ಹತ್ತದಿದ್ದರೆ ತಿರುಗಿಸಿ ಹಾಕಿ.

ಮೊದಲ ಸಲ ಆನ್ ಮಾಡಿ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯಾಸ್ ತೆರೆಯಿರಿ. ರ‍್ಯಾಮ್ ಪೂರ್ತಿ ತೋರಿಸುತ್ತಿದೆಯೇ, ಎಸ್‌ಎಸ್‌ಡಿ ಕಾಣುತ್ತಿದೆಯೇ, ಪ್ರೊಸೆಸರಿನ ಬಿಸಿ ಏರುತ್ತಲೇ ಹೋಗುತ್ತಿದೆಯೇ ನೋಡಿ. ದಿನಾಂಕ ಸರಿಪಡಿಸಿ. ರ‍್ಯಾಮಿನ ಘೋಷಿತ ವೇಗ ಬೇಕಾದರೆ ಎಕ್ಸ್‌ಎಂಪಿ, ಎಎಂಡಿಯಲ್ಲಿ ಎಕ್ಸ್‌ಪೋ ಆನ್ ಮಾಡಿ. ಬಯಾಸ್ ಹೊಸದಾಗಿಸುವ ಕೆಲಸವನ್ನು ಯುಪಿಎಸ್ ಇಲ್ಲದೆ ಮಾಡಬೇಡಿ. ಅರ್ಧದಲ್ಲಿ ಕರೆಂಟು ಹೋದರೆ ಒಳ್ಳೆಯ ಬೋರ್ಡೂ ಏಳುವುದಿಲ್ಲ.

ಗೋಡೆಯ ಸಾಕೆಟ್

ಬೋರ್ಡ್ ಎಷ್ಟೇ ಚೆನ್ನಾಗಿ ಕೂರಿಸಿದರೂ ಅದರ ಆಯುಷ್ಯ ನಮ್ಮಲ್ಲಿ ನಿರ್ಧಾರವಾಗುವುದು ಗೋಡೆಯಲ್ಲಿ. ಬರಿಗಾಲಿನಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆಯೇ? ಬಹಳ ಮನೆಗಳಲ್ಲಿ ಇದನ್ನು ಕಂಪ್ಯೂಟರಿನ ಗುಣ ಎಂದು ತಿಳಿದಿದ್ದಾರೆ. ಅರ್ತಿಂಗ್ ಇಲ್ಲದಿರುವುದರ ಲಕ್ಷಣ ಅದು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರುಗಳಿಂದ ಸೋರುವ ಅಲ್ಪ ವಿದ್ಯುತ್ತಿಗೆ ಭೂಮಿಗೆ ಹೋಗುವ ದಾರಿ ಸಿಗದೆ ಕ್ಯಾಬಿನೆಟ್ಟಿನ ಮೈಯಲ್ಲಿ ನಿಂತಿದೆ.

ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ತ್ ಗುಂಡಿಗೆ ಮಾರ್ಚಿನಿಂದ ಮೇ ತನಕ ಆಗಾಗ ನೀರು ಹೊಯ್ಯಬೇಕು. ಎಲೆಕ್ಟ್ರಿಷಿಯನ್ ಕರೆಸಿ ಫೇಸ್ ಮತ್ತು ಅರ್ತ್ ನಡುವೆ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೀಟರ್ ಇಟ್ಟು ನೋಡಿಸಿ. ಸರ್ಜ್ ಪ್ರೊಟೆಕ್ಟರ್ ಕೊಂಡು ನಿಶ್ಚಿಂತರಾದವರೂ ನೋಡಿಸಬೇಕು, ಅರ್ತ್ ಇಲ್ಲದೆ ಅದರ ರಕ್ಷಣೆ ಬಹುಪಾಲು ನಿಷ್ಪ್ರಯೋಜಕ.

ಗುಡುಗಿನ ಸದ್ದು ದೂರದಲ್ಲಿರುವಾಗಲೇ ಪ್ಲಗ್ ಕೀಳಿ. ಸ್ವಿಚ್ ಆರಿಸಿದರೆ ಸಾಲದು. ಸಿಡಿಲಿಗೆ ಆ ಸಣ್ಣ ಅಂತರ ಲೆಕ್ಕಕ್ಕಿಲ್ಲ. ಇಂಟರ್ನೆಟ್ ಕೇಬಲ್ಲನ್ನೂ ಕೀಳಿ. ನನ್ನ ಸೊಸೆಯ ಮನೆಯಲ್ಲಿ ಪ್ಲಗ್ ಕಿತ್ತಿದ್ದರು, ಕೇಬಲ್ ಮರೆತಿದ್ದರು.

ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಕಂಪ್ಯೂಟರನ್ನು ವಾರಗಟ್ಟಲೆ ಮುಚ್ಚಿಡಬೇಡಿ. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಹಿಂಬದಿಯ ಖಾಲಿ ಪಟ್ಟಿಗಳನ್ನು ಮುಚ್ಚಿಯೇ ಇಡಿ. ಹಲ್ಲಿ ನುಗ್ಗಿ ಬೋರ್ಡಿನ ಮೇಲೆ ಸತ್ತದ್ದನ್ನೂ ಯುಎಸ್‌ಬಿ ಕಿಂಡಿಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದ್ದನ್ನೂ ಕಂಡಿದ್ದೇನೆ.

ಸತ್ತ ಬೋರ್ಡನ್ನು ಬಾವಿಕಟ್ಟೆಯ ಹತ್ತಿರವೋ ತೋಟದಲ್ಲೋ ಎಸೆಯಬೇಡಿ, ಅದರಲ್ಲಿ ಸೀಸದಂಥ ವಿಷವಸ್ತುಗಳಿರಬಹುದು. ಸೆಲ್ ತೆಗೆದು ಬೇರೆ ಇಟ್ಟು, ಎರಡನ್ನೂ ಹರಿತ ಕರ್ಮ ಸೇನೆಯವರು ಇ-ತ್ಯಾಜ್ಯ ಸಂಗ್ರಹಿಸಲು ಬಂದಾಗ ಕೊಡಿ. ಹೊಸ ಬೋರ್ಡಿನ ಪೆಟ್ಟಿಗೆ, ಬಿಲ್ಲು, ಕಪ್ಪು ಮುಚ್ಚಳ, ಉಳಿದ ಸ್ಕ್ರೂಗಳು ಎಲ್ಲವನ್ನೂ ಒಂದೇ ಕಡೆ ಕಟ್ಟಿ, ತೇವ ಏರದ ಅಟ್ಟದ ಮೇಲಿಡಿ.